ಗಾಲಿ ಇಳಿಯದಿದ್ದರೆ ಹಾರ್ನ್

1998ರಲ್ಲಿ ನಾನು ಬೆಂಗಳೂರಿನಲ್ಲಿ ವಿಮಾನದ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದಾಗ ರಿಕ್ವೈರ್‌ಮೆಂಟ್ ಅಂದರೆ ಸಾಫ್ಟ್‌ವೇರ್ ಏನೇನು ಮಾಡಬೇಕು ಎಂದು ಬರೆದ, ಸ್ಪೈರಲ್ ಬೈಂಡಿಂಗ್ ಹಾಕಿದ ದಪ್ಪ ಪುಸ್ತಕ. ಐದಾರು ಜನ ಮೇಜಿನ ಸುತ್ತ ಕೂತು ಸಾಲುಸಾಲಾಗಿ ಓದುತ್ತಿದ್ದೆವು. 'ಬೇಗ' ಅಂದರೆ ಎಷ್ಟು ಮಿಲಿಸೆಕೆಂಡು? 'ಅಥವಾ' ಅಂದರೆ ಎರಡೂ ಒಟ್ಟಿಗೆ ಆದರೆ ನಡೆಯುತ್ತದೆಯೇ? ಇದೇ ವಾದದಲ್ಲಿ ಮಧ್ಯಾಹ್ನ ಮುಗಿಯುತ್ತಿತ್ತು. ನಲವತ್ತನೇ ಪುಟದ ಮಾತು ಎಂಬತ್ತನೇ ಪುಟದಲ್ಲಿ ಮುರಿದದ್ದನ್ನು ನಮ್ಮ ಹಿರಿಯರೊಬ್ಬರು ನೆನಪಿನಿಂದಲೇ ಹಿಡಿಯುತ್ತಿದ್ದರು. ಅವರು ರಜೆ ಹಾಕಿದ ವಾರ ನಮಗೆ ಅಳುಕು.

ಅಳುಕಿಗೆ ಕಾರಣವಿತ್ತು. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡಿಗೆ ಸಿಡಿದಿತ್ತು. ಏರಿಯಾನ್ 4ರಿಂದ ತಂದ ಪ್ರೋಗ್ರಾಮಿನಲ್ಲಿ 64 ಬಿಟ್‌ನ ಸಂಖ್ಯೆ 16 ಬಿಟ್‌ಗೆ ಹಿಡಿಸಲಿಲ್ಲ. ಹೊಸ ರಾಕೆಟ್ ಹಾರುವ ಹಾದಿಯ ವಿವರ ಆ ಪ್ರೋಗ್ರಾಮಿನ ರಿಕ್ವೈರ್‌ಮೆಂಟಿನಲ್ಲೇ ಇರಲಿಲ್ಲ.

ಪುಸ್ತಕದ ವಾಕ್ಯಗಳ ಬದಲಿಗೆ ನಮ್ಮಲ್ಲಿಗೆ ಮೊದಲು ಬಂದದ್ದು ಟೇಬಲ್. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಡೇವಿಡ್ ಪಾರ್ನಸ್ ಮತ್ತು ಸಂಗಡಿಗರು 1978ರಲ್ಲೇ ಎ-7 ಯುದ್ಧವಿಮಾನಕ್ಕೆ ಹೀಗೆ ಬರೆದಿದ್ದರು: ಯಾವ ಸ್ಥಿತಿ ಬಂದರೂ ಟೇಬಲ್ಲಿನ ಒಂದೇ ಒಂದು ಸಾಲು ಅನ್ವಯಿಸಬೇಕು, ಎರಡಾಗಬಾರದು, ಯಾವುದೂ ಇಲ್ಲದೆಯೂ ಇರಬಾರದು. ಆಮೇಲೆ ಬಂತು ಮಾಡೆಲ್ ಚೆಕರ್, ಸಾಧ್ಯವಿರುವ ಸ್ಥಿತಿಗಳನ್ನೆಲ್ಲ ತಾನೇ ಹೊಕ್ಕು ನೋಡುವಂಥದ್ದು. 2011ರಲ್ಲಿ ವಿಮಾನದ ಸಾಫ್ಟ್‌ವೇರ್ ಮಾನದಂಡವಾದ ಡಿಒ-178ಸಿ ಜೊತೆಗೆ ಬಂದ ಪೂರಕ ಡಿಒ-333 ಈ ಬಗೆಯ ಪರಿಶೀಲನೆಗೆ ಮಾನ್ಯತೆ ಕೊಟ್ಟಿತು.

ಚೆಕರ್ ನಮ್ಮ ತಪ್ಪು ಹಿಡಿದ ದಿನ ಮರೆತಿಲ್ಲ. ನಮ್ಮ ಪುಸ್ತಕದ ಒಂದು ಕಡೆ ಬರೆದಿತ್ತು: ಎತ್ತರ 1000 ಅಡಿಗಿಂತ ಕಡಿಮೆಯಿದ್ದು ಗಾಲಿ ಇಳಿಯದಿದ್ದರೆ ಹಾರ್ನ್ ಕೂಗಬೇಕು. ಮೂವತ್ತು ಪುಟ ದಾಟಿ ಇನ್ನೊಂದು: ಎಂಜಿನ್ ಪೂರ್ತಿ ಶಕ್ತಿಯಲ್ಲಿದ್ದರೆ ಕೂಗಬಾರದು. ನಾಲ್ಕು ರಿವ್ಯೂ ದಾಟಿದ ವಾಕ್ಯಗಳು. ಚೆಕರ್ ಹಂತಹಂತವಾಗಿ ತೋರಿಸಿತು: ಪೈಲಟ್ ಇಳಿಯುವುದನ್ನು ಕೈಬಿಟ್ಟು, ಶಕ್ತಿ ಏರಿಸಿ, ಗಾಲಿ ಮಡಚುತ್ತಾನೆ. ಎರಡೂ ಸಾಲು ನಿಜ. ಎಷ್ಟು ಸಾಮಾನ್ಯ ಸಂಗತಿ! ನನ್ನ ಕಿವಿ ಬಿಸಿಯಾಯಿತು.

ಎರಡನೆಯ ಸಾಲೇ ಗೆಲ್ಲಲಿ ಎಂದು ತಿದ್ದಲು ಹೊರಟೆ. ಹಿರಿಯರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ತಡಿಯಪ್ಪ. ಎಂಜಿನ್ ಅಂದರೆ ಯಾವುದು? ಒಂದು ನಿಂತುಹೋಗಿದ್ದರೆ?" ಇದನ್ನು ಯಂತ್ರ ಕೇಳಿರಲಿಲ್ಲ, ನಾವು ಬರೆದ ಎಂಜಿನ್ ಒಂದೇ ಆಗಿತ್ತು.

ಪೈಲಟ್ ಒಬ್ಬರಿಗೆ ಫೋನ್ ಮಾಡಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, "ಒಂದೇ ಎಂಜಿನ್ನಿನಲ್ಲಿ ಮೇಲೇರುವಾಗಲಂತೂ ಹಾರ್ನ್ ಬೇಡವೇ ಬೇಡ ಸಾರ್, ಆಗಲೇ ನಮಗೆ ತಲೆ ನೆಟ್ಟಗಿರಬೇಕು" ಅಂದರು. ಟೇಬಲ್ಲಿಗೆ ಇನ್ನೊಂದು ಸಾಲು ಸೇರಿಸಿ ಚೆಕರನ್ನು ಮತ್ತೆ ಓಡಿಸಿದೆವು.