ನೊಂದ ಕೀಲಿಗೆ ಎಷ್ಟು ವ್ಯಾಯಾಮ?

ಕೀಲುನೋವಿನವರಿಗೆ ಉಪದೇಶಕರ ಕೊರತೆ ಎಂದಿಗೂ ಇರುವದಿಲ್ಲ. ಬೀದರ ನಗರದ ಯಾವ ಓಣಿಯಲ್ಲಿಯಾದರೂ ಸ್ವಲ್ಪ ಕುಂಟುತ್ತ ಹೋಗಿ ನೋಡಿರಿ. ಎರಡನೆಯ ಮನೆಯ ಕಟ್ಟೆಯ ಮೇಲೆ ಕುಳಿತವರು ‘ಕಾಲನ್ನು ಕದಲಿಸಬೇಡಿರಿ, ಹಾಸಿಗೆ ಹಿಡಿಯಿರಿ’ ಎನ್ನುವರು. ನಾಲ್ಕನೆಯ ಮನೆಯವರು ‘ಕುಳಿತರೆ ಕೀಲು ಹಿಡಿಯುವದು, ದಿನಾಲು ಕೋಟೆಯವರೆಗೆ ಓಡಿರಿ’ ಎನ್ನುವರು. ಇಬ್ಬರ ಮಾತಿನಲ್ಲಿಯೂ ಅಷ್ಟಿಷ್ಟು ಸತ್ಯವುಂಟು. ಇಬ್ಬರ ಮಾತನ್ನೂ ಇದ್ದಂತೆಯೇ ನಡೆಯಿಸಿದರೆ ಅಪಾಯವೂ ಉಂಟು. ನಮ್ಮ ಬಂಧುಬಳಗವು ಬೀದರ, ಭಾಲ್ಕಿ, ಔರಾದ ಈ ಮೂರು ಊರುಗಳಲ್ಲಿ ಹಂಚಿಹೋಗಿದೆ. ಮೂರು ಕಡೆಗೂ ಮೊಣಕಾಲು ಹಿಡಿದುಕೊಂಡು ಕೂಡುವವರಿದ್ದಾರೆ. ಆದುದರಿಂದ ಈ ವಿಷಯವನ್ನು ನಾವು ಕೆಲವು ವರ್ಷಗಳಿಂದ ಹತ್ತಿರದಿಂದ ನೋಡುತ್ತ ಬಂದಿದ್ದೇವೆ. ನಾವು ವೈದ್ಯರಲ್ಲ; ವೈದ್ಯರು ಹೇಳಿದ್ದನ್ನು ಕೇಳಿ, ಕೆಲಮಟ್ಟಿಗೆ ಓದಿ, ಮನೆಯಲ್ಲಿ ನಡೆಯಿಸಿ ನೋಡಿದವರು.

ಔರಾದದ ನಮ್ಮ ಸೋದರತ್ತೆಯವರ ಸಂಗತಿಯನ್ನೇ ಮೊದಲು ಹೇಳುವೆವು. ಅವರಿಗೆ ಎಪ್ಪತ್ತು ದಾಟಿದೆ. ಮಳೆಗಾಲದಲ್ಲೊಮ್ಮೆ ಎರೆಹೊಲದ ಬದುವಿನ ಮೇಲೆ ಜಾರಿಬಿದ್ದರು. ಬೀದರಕ್ಕೆ ಕರೆತಂದು ಕ್ಷಕಿರಣದ ಚಿತ್ರವನ್ನು ತೆಗೆಯಿಸಲಾಗಿ ಎಲುಬು ಮುರಿದಿರಲಿಲ್ಲ. ಮೊದಲೇ ಸವೆದಿದ್ದ ಮೊಣಕಾಲು ಉಳುಕಿತ್ತು, ಅಷ್ಟೆ. ಮಕ್ಕಳೂ ಸೊಸೆಯಂದಿರೂ ಪ್ರೀತಿಯಿಂದಲೇ ಅವರನ್ನು ಮಂಚದ ಮೇಲೆ ಮಲಗಿಸಿದರು. ನೀರು ಅಲ್ಲಿಗೆ, ಊಟ ಅಲ್ಲಿಗೆ, ದೇವರ ಪ್ರಸಾದವೂ ಅಲ್ಲಿಗೆ. ಎರಡು ತಿಂಗಳಾಗುವಷ್ಟರಲ್ಲಿ ಬಾವು ಇಳಿದಿತ್ತು. ಆದರೆ ಎದ್ದು ನಿಲ್ಲುವ ಶಕ್ತಿಯು ಉಳಿದಿರಲಿಲ್ಲ. ಒಂದು ತೊಡೆಯು ಇನ್ನೊಂದಕ್ಕಿಂತ ಕಣ್ಣಿಗೆ ಕಾಣುವಷ್ಟು ಸೊರಗಿತ್ತು. ‘ಇನ್ನು ನನ್ನನ್ನು ಹೊತ್ತೇ ತಿರುಗಬೇಕು’ ಎಂದು ಅವರು ಗೋಡೆಯ ಕಡೆಗೆ ಮುಖ ಮಾಡಿ ಆಡಿದ ಮಾತನ್ನು ನಾವು ಮರೆತಿಲ್ಲ. ಬಚ್ಚಲಮನೆಗೆ ಹೋಗಲು ಸೊಸೆಯ ಕೈ ಹಿಡಿಯಬೇಕಾಗುವದಕ್ಕೆ ಆ ವಯಸ್ಸಿನವರು ಮರಣಕ್ಕಿಂತ ಹೆಚ್ಚಾಗಿ ಅಂಜುವರು.

ಹೀಗೇಕಾಯಿತೆಂದು ಕೇಳಿದರೆ ವೈದ್ಯರು ಹೇಳುವ ಕಾರಣವು ಸರಳವಾಗಿದೆ. ಎಲುಬುಗಳ ತುದಿಗೆ ಹೊದಿಸಿದಂತೆ ಇರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ಜಿಡ್ಡುನೀರೇ ಅದರ ಆಹಾರ. ನೀರಿನಲ್ಲಿರುವ ಅರಿವೆಯ ಸಿಂಬೆಯನ್ನು ಒತ್ತಿ ಬಿಟ್ಟರೆ ಹೇಗೆ ಹಳೆಯ ನೀರು ಹೊರಟು ಹೊಸ ನೀರು ಸೇರುವದೋ, ಹಾಗೆ ಕೀಲು ಮಡಿಚಿ ಬಿಡಿಸಿದಾಗಲೇ ಆ ಮೃದ್ವಸ್ಥಿಗೆ ಪೋಷಣೆಯು ದೊರೆಯುವದು. ಮೇಲಾಗಿ ಮೊಣಕಾಲಿನ ಭಾರವನ್ನು ತಡೆದುಕೊಳ್ಳುವಲ್ಲಿ ತೊಡೆಯ ಮುಂಭಾಗದ ಸ್ನಾಯುಗಳ ಪಾಲೂ ಉಂಟು. ಕೆಲಸವಿಲ್ಲದೆ ಬಿಟ್ಟರೆ ಅವು ಕೆಲವೇ ವಾರಗಳಲ್ಲಿ ಕ್ಷೀಣಿಸುವವು. ಸ್ನಾಯು ಸೊರಗಿದಷ್ಟೂ ಕೀಲಿಗೆ ಪೆಟ್ಟು, ಪೆಟ್ಟಾದಷ್ಟೂ ನೋವು, ನೋವಾದಷ್ಟೂ ಮಲಗುವ ಬಯಕೆ.

ವಿಶ್ರಾಂತಿಯೇ ಸರ್ವೌಷಧವೆಂಬ ನಂಬಿಕೆಯು ನಮ್ಮ ಹಳ್ಳಿಗರದು ಮಾತ್ರವಲ್ಲ. ೧೯ನೆಯ ಶತಮಾನದಲ್ಲಿ ಲಿವರ್‌ಪೂಲ್ ನಗರದ ಹ್ಯೂ ಓವೆನ್ ಥಾಮಸ್ ಎಂಬ ಪ್ರಸಿದ್ಧ ಎಲುಬಿನ ವೈದ್ಯನು ನೊಂದ ಕೀಲಿಗೆ ದೀರ್ಘವೂ ಅಖಂಡವೂ ಆದ ವಿಶ್ರಾಂತಿಯನ್ನೇ ವಿಧಿಸುತ್ತಿದ್ದನು. ಅದೇ ಕಾಲದ ಫ್ರಾನ್ಸಿನ ಲೂಕಾ ಶಾಂಪಿಯೊನಿಯೇರನು ಎಲುಬು ಮುರಿದವರಿಗೂ ಬೇಗನೆ ಅಂಗಚಾಲನೆ ಮಾಡಿಸಬೇಕೆಂದು ವಾದಿಸಿ ಬೈಸಿಕೊಂಡನು. ನಮ್ಮ ಕಾಲದಲ್ಲಿಯೂ ನೋಡಿರಿ: ೧೯೭೮ರಲ್ಲಿ ಅಮೇರಿಕೆಯ ಗೇಬ್ ಮರ್ಕಿನ್ ಎಂಬ ವೈದ್ಯರು, ಉಳುಕಿದರೆ ವಿಶ್ರಾಂತಿ ಕೊಡಿರಿ, ಬರ್ಫವಿಡಿರಿ, ಪಟ್ಟಿ ಕಟ್ಟಿರಿ, ಎತ್ತರದಲ್ಲಿಡಿರಿ ಎಂಬ ಸೂತ್ರವನ್ನು ರೂಢಿಗೆ ತಂದರು, ಅವರೇ ೨೦೧೪ರಲ್ಲಿ, ಬರ್ಫವೂ ಸಂಪೂರ್ಣ ವಿಶ್ರಾಂತಿಯೂ ಗುಣವಾಗುವದನ್ನು ತಡಮಾಡಬಹುದೆಂದು ತಿದ್ದಿ ಬರೆದರು. ತಾನು ಹೇಳಿದ್ದನ್ನು ತಾನೇ ತಿದ್ದುವ ವೈದ್ಯನನ್ನು ನಾವು ಹೆಚ್ಚು ನಂಬುತ್ತೇವೆ.

ಇನ್ನು ಅತಿಯಾದ ಉತ್ಸಾಹದ ಮಾತು. ಭಾಲ್ಕಿಯಲ್ಲಿರುವ ನಮ್ಮ ಅಣ್ಣನ ಮಗನಿಗೆ ಕುಸ್ತಿಯ ಹುಚ್ಚು. ತಾಲೀಮಿನಲ್ಲಿ ಮೊಣಕಾಲು ತಿರುಚಿ ಬಾವು ಬಂದಾಗ ಹಿರಿಯನೊಬ್ಬನು ‘ಐದುನೂರು ಬೈಠಕು ಹೊಡೆದರೆ ಕೀಲು ತಾನೇ ಬಿಚ್ಚುವದು’ ಎಂದನಂತೆ. ಹುಡುಗನು ನೂರರಲ್ಲಿಯೇ ಕುಸಿದನು. ಮುಂದೆ ಅವನನ್ನು ನೋಡಿದ ಅಂಗಮರ್ದನ ಮತ್ತು ವ್ಯಾಯಾಮ ಚಿಕಿತ್ಸೆಯ ತಜ್ಞರು ಒಂದು ಅಳತೆಗೋಲನ್ನು ಕಲಿಸಿಕೊಟ್ಟರು. ಅದು ನಮಗೆಲ್ಲರಿಗೂ ಉಪಯೋಗವಾಗಿದೆ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ವ್ಯಾಯಾಮದಲ್ಲಿ ಎರಡು ಮೂರು ಅಂಕದ ನೋವು ಬಂದರೆ ಅಂಜಬೇಕಾಗಿಲ್ಲ; ಐದನ್ನು ಮೀರಿದರೆ ಅಲ್ಲಿಯೇ ನಿಲ್ಲಿಸತಕ್ಕದ್ದು. ವ್ಯಾಯಾಮದಿಂದ ಹೆಚ್ಚಾದ ನೋವು ಮರುದಿನ ಮುಂಜಾನೆಯ ಹೊತ್ತಿಗೆ ಮೊದಲಿನಷ್ಟಕ್ಕೆ ಇಳಿದಿದ್ದರೆ ನಿನ್ನೆಯ ಪ್ರಮಾಣವು ಸರಿ. ಇಳಿಯದಿದ್ದರೆ ಅಥವಾ ಬಾವು ಹೆಚ್ಚಿದರೆ ನಿನ್ನೆಯದು ಅತಿಯಾಯಿತೆಂದು ತಿಳಿದು ಕಡಿಮೆ ಮಾಡಬೇಕು. ತರುಣನಿಗೆ ಇದಕ್ಕಿಂತ ಕಠಿಣವಾದ ತಾಲೀಮು ಬೇರೊಂದಿಲ್ಲ; ಆರು ತಿಂಗಳವರೆಗೆ ಅವನ ಗೊಣಗಾಟವನ್ನು ಕೇಳುವದು ನಮಗೂ ಒಂದು ತಾಲೀಮಾಯಿತು.

ಆದರೆ ಎಲ್ಲ ಕೀಲುನೋವೂ ಸವೆತದಿಂದಲೂ ಉಳುಕಿನಿಂದಲೂ ಬರುವದಲ್ಲ. ೨೦೦೬ರಲ್ಲಿ ನಮ್ಮ ಸೀಮೆಯ ಮನೆಮನೆಗಳಲ್ಲಿ ಚಿಕೂನ್‌ಗುನ್ಯಾ ಜ್ವರವು ಹೊಕ್ಕದ್ದು ವಾಚಕರಿಗೆ ನೆನಪಿರಬಹುದು. ಆ ಒಂದು ವರ್ಷದಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಮಿಕ್ಕಿ ಜನರಿಗೆ ಆ ಜ್ವರದ ಸಂಶಯವಿದ್ದುದಾಗಿ ಲೆಕ್ಕವಿದೆ. ಮನುಷ್ಯನನ್ನು ಬಾಗಿಸುವದೆಂಬ ಅರ್ಥದ ಆ ಹೆಸರು ಆಫ್ರಿಕೆಯ ಮಕೊಂಡೆ ಭಾಷೆಯದು. ನಮ್ಮ ಓಣಿಯಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದ ಗಟ್ಟಿಮುಟ್ಟಾದ ಗಂಡಸರನ್ನು ನೋಡಿದವರಿಗೆ ಹೆಸರಿನ ವಿವರಣೆ ಬೇಕಿರಲಿಲ್ಲ. ಜ್ವರವು ವಾರದಲ್ಲಿ ಹೋಯಿತು. ಕೀಲಿನ ಬಿಗುಪು ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷದಾಚೆಗೂ ಉಳಿಯಿತು. ಅಂಥವರು ಜ್ವರ ಮತ್ತು ಬಾವು ಇರುವಾಗ ದಣಿಯಬಾರದು. ಇಳಿದ ಮೇಲೆ ಬೆರಳು, ಮಣಿಕಟ್ಟು, ಗಿಣ್ಣುಗಳನ್ನು ಬಿಸಿನೀರಿನಲ್ಲಿಟ್ಟು ಮೆಲ್ಲನೆ ತಿರುಗಿಸುತ್ತ ಬರಬೇಕು.

ನಮ್ಮ ಮನೆಯ ಮಾತಿಗೆ ಬರುವೆವು. ಬೀದರದಲ್ಲಿ ಮೆಟ್ಟಲುಗಳಿಗೆ ಬರವಿಲ್ಲ. ನಗರದ ನಡುವಿನ ಚೌಬಾರದೊಳಗೆಯೇ ೮೦ ಮೆಟ್ಟಲುಗಳುಂಟು. ಹತ್ತುವದಕ್ಕಿಂತ ಇಳಿಯುವದೇ ಮೊಣಕಾಲಿಗೆ ಹೆಚ್ಚು ನೋವೆಂಬುದನ್ನು ನಮ್ಮ ಮನೆಯವರು ವೈದ್ಯರಿಗಿಂತ ಮೊದಲೇ ಕಂಡುಕೊಂಡಿದ್ದರು. ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಊರುಗೋಲು ನೋವಿಲ್ಲದ ಕಡೆಯ ಕೈಯಲ್ಲಿ. ಇದನ್ನು ಬಹುಜನರು ತಿರುವುಮುರುವಾಗಿ ಮಾಡುವರು. ನಡೆದಾಡಲು ಬರೀದಶಾಹಿ ಉದ್ಯಾನದಂಥ ಸಮತಲವೇ ಲೇಸು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ರೊಟ್ಟಿ ಬಡಿಯುವದನ್ನು ಬಿಟ್ಟು ಎತ್ತರದ ಕಟ್ಟೆಗೆ ಒಲೆಯನ್ನು ಏರಿಸಿದೆವು. ರೊಟ್ಟಿಯ ರುಚಿ ಕೆಟ್ಟಿತೆಂದು ಹಿರಿಯರು ಎರಡು ದಿನ ಆಕ್ಷೇಪಿಸಿದರು, ಮೂರನೆಯ ದಿನ ಸುಮ್ಮನಾದರು. ತೂಕವುಳ್ಳವರಿಗೆ ಇನ್ನೊಂದು ಮಾತು: ೨೦೦೫ರ ಅಮೇರಿಕೆಯ ಶೋಧನೆಯೊಂದರ ಪ್ರಕಾರ ಮೈಭಾರವು ಒಂದು ಕಿಲೋ ಇಳಿದರೆ ಹೆಜ್ಜೆಹೆಜ್ಜೆಗೂ ಮೊಣಕಾಲಿನ ಹೊರೆಯು ಸುಮಾರು ನಾಲ್ಕು ಕಿಲೋ ಇಳಿಯುವದು.

ನೀರಿನಲ್ಲಿ ನಡೆಯುವದು ಕೀಲಿಗೆ ಹಿತಕರವೆಂದು ವೈದ್ಯರು ಹೇಳುವರು. ಸೊಂಟದ ಮಟ್ಟದ ನೀರಿನಲ್ಲಿ ನಿಂತವನ ಕಾಲಿಗೆ ಅರ್ಧದಷ್ಟೇ ಭಾರ ಬೀಳುವದು. ಇದನ್ನು ಕೇಳಿದೊಡನೆ ನಮ್ಮವರಿಗೆ ಝರಣಿ ನರಸಿಂಹನ ಗುಹೆಯು ನೆನಪಾಗುವದು ಸಹಜ. ಅಲ್ಲಿಯ ನೀರಿನ ದಾರಿಯು ಭಕ್ತಿಗೆ ಸರಿ, ಚಿಕಿತ್ಸೆಗೆ ಅಲ್ಲ. ಕತ್ತಲೆ, ನೂಕುನುಗ್ಗಲು, ಕಾಲಡಿಗೆ ಕಾಣದ ಕಲ್ಲು, ಇವು ನೊಂದ ಕಾಲಿಗೆ ಶತ್ರುಗಳು.

ಸೋದರತ್ತೆಯವರಿಗೆ ತಜ್ಞರು ಹೇಳಿದ ಸಾಧನೆಗಳನ್ನು ಕೇಳಿ ಮನೆಯವರು ‘ಇಷ್ಟೇಯೆ?’ ಎಂದು ನಕ್ಕರು. ಮೊಣಕಾಲಿನ ಕೆಳಗೆ ಟವೆಲಿನ ಸುರುಳಿಯನ್ನಿಟ್ಟು, ಅದನ್ನು ಕೆಳಗೊತ್ತಿ ಐದು ಎಣಿಸಿ ಬಿಡುವದು, ಹತ್ತು ಸಲ. ಕಾಲನ್ನು ನೆಟ್ಟಗಿಟ್ಟು ಗೇಣುದ್ದ ಎತ್ತಿ ಮೆಲ್ಲನೆ ಇಳಿಸುವದು. ಎರಡು ವಾರಗಳ ತರುವಾಯ ಎತ್ತರದ ಕುರ್ಚಿಯಿಂದ ಎದ್ದು ಕೂಡುವದು; ಮೊದಲು ಕೈಯಾಸರೆ ಹಿಡಿದು, ಆ ಮೇಲೆ ಹಿಡಿಯದೆ. ಉಸಿರು ಬಿಗಿ ಹಿಡಿಯಬಾರದು. ಡೆನ್ಮಾರ್ಕ ದೇಶದಲ್ಲಿ ೨೦೧೩ರಿಂದ ಇಂಥ ಸಾಧನೆಗಳನ್ನೇ ಆರೆಂಟು ವಾರಗಳ ಪಾಠಕ್ರಮವಾಗಿ ಸವೆದ ಮೊಣಕಾಲಿನವರಿಗೆ ಕಲಿಸುತ್ತ ಬಂದಿದ್ದಾರೆ. ಬೀದರದ ಮಾಗಿಯ ಮುಂಜಾವಿನಲ್ಲಿ ಕೀಲು ಕೊರಡಾಗಿರುವದರಿಂದ ಬಿಸಿಲೇರಿದ ಮೇಲೆ ಮಾಡಿಸುವದು ಒಳ್ಳೆಯದು.

ಎಲ್ಲಿ ವ್ಯಾಯಾಮವನ್ನು ಬಿಟ್ಟು ತಡವಿಲ್ಲದೆ ಆಸ್ಪತ್ರೆಗೆ ಹೋಗಬೇಕೆಂಬುದನ್ನೂ ಹೇಳದಿದ್ದರೆ ಈ ಬರಹವು ಅಪಾಯಕರವಾದೀತು. ಕೀಲು ಕೆಂಪಾಗಿ, ಸುಡುವಂತಾಗಿ, ಜೊತೆಗೆ ಜ್ವರ ಬಂದರೆ. ಬಿದ್ದ ಮೇಲೆ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ. ಮೊಣಕಾಲು ನಡುವೆಯೇ ಸಿಕ್ಕಿಕೊಂಡು ಬಿಚ್ಚದಿದ್ದರೆ. ಒಂದೇ ಮೀನಖಂಡವು ಬಾತು ನೋಯುತ್ತಿದ್ದರೆ. ವ್ಯಾಯಾಮದಲ್ಲಿ ಎದೆ ಹಿಡಿದರೆ, ಮನೆಮದ್ದಿನಲ್ಲಿ ಒಂದು ದಿನವನ್ನೂ ಕಳೆಯಬಾರದು. ಬಾವು ಬಂದ ಕೀಲಿಗೆ ಬಿದಿರುದಬ್ಬೆಯಿಟ್ಟು ಬೆರಳು ನೀಲಿಯಾಗುವಂತೆ ಬಿಗಿಯುವ ನಾಟಿಪಟ್ಟಿಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದನ್ನು ಆ ಕ್ಷಣವೇ ಬಿಚ್ಚಿಸತಕ್ಕದ್ದು.

ಅತ್ತೆಯವರು ಮೊದಲ ವಾರ ಅತ್ತರು, ಎರಡನೆಯ ವಾರ ಬೈದರು, ಮೂರನೆಯ ವಾರ ಎಣಿಕೆಯನ್ನು ತಾವೇ ಎಣಿಸತೊಡಗಿದರು, ಮರಾಠಿಯಲ್ಲಿ. ಅವರ ತವರುಮನೆಯ ಲೆಕ್ಕವೆಲ್ಲ ಮರಾಠಿಯದು. ನಾಲ್ಕನೆಯ ತಿಂಗಳಿಗೆ ಎಳ್ಳಮಾವಾಸ್ಯೆ ಬಂದಿತು. ಮನೆಯವರೆಲ್ಲ ಭಜ್ಜಿಯ ಗಡಿಗೆ, ಅಂಬಲಿಯ ಕೊಡಗಳೊಡನೆ ಹೊಲಕ್ಕೆ ಹೊರಟಾಗ ಅವರನ್ನು ಜೀಪಿನಲ್ಲಿ ಕೂಡಿಸಿದರು. ಹೊಲದ ಅಂಚಿನಲ್ಲಿ ಅವರು ಇಳಿದು, ಕೋಲನ್ನು ಎಡಗೈಗೆ ಬದಲಿಸಿಕೊಂಡು, ಜೋಳದ ಸಾಲುಗಳ ನಡುವೆ ಪೂಜೆಯ ಕೊಂಪೆಯವರೆಗೆ ನಡೆದುಹೋದರು. ನಡುವೆ ಎರಡು ಸಲ ನಿಂತರು. ಕೈ ಕೊಡಲು ಹೋದ ಮೊಮ್ಮಗನನ್ನು ಗದರಿಸಿ ಅತ್ತ ಕಳಿಸಿದರು.