ದತ್ತವಾದ ನಾಡು

ತೆಲುಗು ಚಲನಚಿತ್ರಗಳ ವ್ಯಾಪಾರಿಗಳು ರಾಯಲಸೀಮೆಯನ್ನು ಇಂದಿಗೂ ‘ಸೀಡೆಡ್’ ಎಂದೇ ಕರೆಯುತ್ತಾರೆ. ಬಿಟ್ಟುಕೊಟ್ಟದ್ದು ಎಂಬುದು ಆ ಇಂಗ್ಲಿಷ್ ಮಾತಿನ ಅರ್ಥ. ಬಿಟ್ಟುಕೊಟ್ಟವರೂ ಪಡೆದವರೂ ಅಳಿದುಹೋದರು; ಶಬ್ದ ಮಾತ್ರ ಉಳಿಯಿತು. ಶಬ್ದಗಳ ಬೆನ್ನು ಹತ್ತುವುದು ಕನ್ನಡ ಪಾಠ ಹೇಳುವವನ ಚಾಳಿ; ಆದ್ದರಿಂದಲೇ ಈ ನಾಲ್ಕು ಮಾತು.

1792ರ ಮಾರ್ಚ್ 18ರಂದು ಶ್ರೀರಂಗಪಟ್ಟಣದಲ್ಲಿ ಆದ ಒಪ್ಪಂದದಿಂದ ಟೀಪು ಸುಲ್ತಾನನು ಅರ್ಧ ರಾಜ್ಯವನ್ನು ಕಳೆದುಕೊಂಡನು. 3 ಕೋಟಿ 30 ಲಕ್ಷ ರೂಪಾಯಿ ತೆರಬೇಕಾಯಿತು. ಅದಕ್ಕಾಗಿ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಡಬೇಕಾಯಿತು. ಮಕ್ಕಳೇನೋ 1794ರಲ್ಲಿ ಮರಳಿ ಬಂದರು, ನಾಡು ಮರಳಲಿಲ್ಲ. ಮಲಬಾರು, ಬಾರಾಮಹಲು, ದಿಂಡಿಗಲ್ಲುಗಳು ಇಂಗ್ಲಿಷ್ ಕಂಪನಿಗೆ ಹೋದವು. ತುಂಗಭದ್ರೆಯವರೆಗಿನ ಸೀಮೆ ಮರಾಠರಿಗೆ, ಬಳ್ಳಾರಿ, ಕಡಪಗಳು ನಿಜಾಮನಿಗೆ ಸಂದವು. 1799ರ ಮೇ 4ರಂದು ಟೀಪು ಮಡಿದ ಮೇಲೆ ಉಳಿದುದನ್ನೂ ಹಂಚಿದರು. ಕೆನರಾ, ಕೊಯಮತ್ತೂರುಗಳು ಕಂಪನಿಗೆ, ಗುತ್ತಿ, ಗುರ್ರಂಕೊಂಡಗಳು ನಿಜಾಮನಿಗೆ. ನಡುವಣ ಭಾಗವಷ್ಟೇ ಮೈಸೂರು ಒಡೆಯರಿಗೆ.

ಗೆದ್ದವರ ಪಾಲು ಎಷ್ಟು ಕಾಲ ನಿಂತಿತು? ತನ್ನ ರಕ್ಷಣೆಗೆಂದು ಇರಿಸಿಕೊಂಡ ಕಂಪನಿಯ ಸೈನ್ಯದ ವೆಚ್ಚಕ್ಕಾಗಿ ನಿಜಾಮನು, ಮೈಸೂರಿನಿಂದ ಪಡೆದ ಸೀಮೆಯನ್ನು 1800ರಲ್ಲಿ ಕಂಪನಿಗೇ ಬರೆದುಕೊಟ್ಟನು. ಅದೇ ದತ್ತಮಂಡಲ. ಇನ್ನೊಬ್ಬ ಪಾಲುದಾರನಾದ ಪೇಶ್ವೆಯ ರಾಜ್ಯವೂ 1818ರಲ್ಲಿ ಕಂಪನಿಯ ಕೈಸೇರಿತು. ಮೈಸೂರಿನ ಬಲ ಕುಂದಿತೆಂದು ಹಿಗ್ಗಿದವರು, ಕಂಪನಿಗೆ ಅಡ್ಡವಾಗಿ ನಿಂತಿದ್ದ ಗೋಡೆಯನ್ನು ತಮ್ಮ ಕೈಯಾರೆ ಕೆಡವಿದ್ದರು.

ಇಷ್ಟೆಲ್ಲ ಆಗುವಾಗ ಹೊಲ ಉಳುವವನನ್ನು ಯಾರೂ ಕೇಳಲಿಲ್ಲ. ಕನ್ನಡಿಗರು ಮೈಸೂರು, ಮದರಾಸು, ಮುಂಬಯಿ, ಹೈದರಾಬಾದುಗಳ ಆಳ್ವಿಕೆಗಳಲ್ಲಿ ಹಂಚಿಹೋದರು. ಒಂದೆಡೆ ಮರಾಠಿ ಶಾಲೆ, ಇನ್ನೊಂದೆಡೆ ಉರ್ದು ಕಚೇರಿ. ‘ದತ್ತ’ ಎಂಬ ಹೆಸರು ಅಲ್ಲಿಯ ತೆಲುಗರಿಗೂ ಹಿಡಿಸಲಿಲ್ಲ. ತಾವು ಯಾರೋ ಯಾರಿಗೋ ಕೊಟ್ಟ ವಸ್ತುವೇ? 1928ರಲ್ಲಿ ನಂದ್ಯಾಲದ ಸಭೆಯಲ್ಲಿ ಅವರು ‘ರಾಯಲಸೀಮೆ’ ಎಂಬ ಹೆಸರನ್ನು ಆರಿಸಿಕೊಂಡರು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಉಳಿದ ಕನ್ನಡ ಸೀಮೆಗಳು ಬಹುಮಟ್ಟಿಗೆ ಒಂದಾದವು. ಕೆಲವು ಸಹಿಗಳಿಂದ ಒಡೆದುದನ್ನು ಕೂಡಿಸಲು ನೂರೈವತ್ತು ವರ್ಷಗಳಿಗೂ ಮಿಗಿಲಾಗಿ ಹಿಡಿಯಿತು.

ಕೂಡಿದ ಮೇಲೂ ಗೆರೆ ಬೇಗನೆ ಮಾಸುವುದಿಲ್ಲ. ಬಳ್ಳಾರಿ ಕಡೆಯ ನನ್ನ ಅಜ್ಜಿ, ಚಿತ್ರದುರ್ಗಕ್ಕೆ ಹೊರಟಾಗಲೆಲ್ಲ, “ಮೈಸೂರು ಸೀಮೆಗೆ ಹೋಗಿಬರುತ್ತೇನಪ್ಪಾ” ಎನ್ನುತ್ತಿದ್ದರು. ಗಡಿ ನಕ್ಷೆಯಿಂದ ಅಳಿದು ದಶಕಗಳೇ ಕಳೆದಿದ್ದವು. ಅವರು ಮಾತ್ರ ಅದನ್ನು ದಾಟಿಯೇ ಹೋಗುತ್ತಿದ್ದರು.