ತ್ರಿವೇಣಿಯ ತಂಬಿಗೆ

ಪ್ರಯಾಗಕ್ಕೆ ಹೋಗಬೇಕೆಂಬುದು ನಮ್ಮ ತಾಯಿಯವರ ಬಹುದಿನದ ಹಂಬಲ. ದಿಲ್ಲಿಯಲ್ಲಿ ಇಷ್ಟು ವರ್ಷ ಇದ್ದೂ ಕರೆದೊಯ್ಯಲಿಲ್ಲವೆಂಬ ಅಪವಾದ ನನ್ನ ಮೇಲಿತ್ತು. ಕಡೆಗೆ ಕಳೆದ ಮಾಘಮಾಸದಲ್ಲಿ ಮಡದಿ ಮಗಳೊಡನೆ ರಾತ್ರಿಯ ರೈಲು ಹತ್ತಿ, ಬೆಳಗಿನ ಹೊತ್ತಿಗೆ ತ್ರಿವೇಣಿಯನ್ನು ಮುಟ್ಟಿದೆವು.

ದೋಣಿ ದಡ ಬಿಟ್ಟಿತು. ಯಮುನೆಯ ನೀರು ಹಸಿರು. ಗಂಗೆಯದು ಮಣ್ಣಿನ ಬಣ್ಣ. ಕೂಡುವೆಡೆಯಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ತಾಯಿಯವರು ಮಿಂದು, ತಾಮ್ರದ ತಂಬಿಗೆಯಲ್ಲಿ ನೀರು ತುಂಬಿಕೊಂಡು, ಮೊಮ್ಮಗಳ ಅಂಗೈಗೆ ತೀರ್ಥ ಹಾಕಲು ಹೋದರು. ನಾನು ತಡೆದೆ.

“ಯಾಕೋ? ಗಂಗೆ ಕೆಡುತ್ತಾಳೇನೋ? ಗಂಗೆಯ ಥಾಲಿಯಲ್ಲಿ ಹುಳು ಬಿತ್ತೆಂದು ಯಾರಾದರೂ ಹೇಳಿದ್ದುಂಟೇ?” ಎಂದರು. ಅವರ ಕಣ್ಣು ತುಂಬಿತ್ತು.

ಆ ಮಾತನ್ನು ಬರಿಯ ನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ಆಂಗ್ಲ ವಿಜ್ಞಾನಿ ಇದನ್ನೇ ಪರೀಕ್ಷಿಸಿ 1896ರಲ್ಲಿ ಬರೆದರು: ಗಂಗೆ ಯಮುನೆಯರ ನೀರಿನಲ್ಲಿ ಕಾಲರಾ ರೋಗಾಣುಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ, ಕುದಿಸಿದ ನೀರಿಗೆ ಆ ಶಕ್ತಿಯಿಲ್ಲ. 1917ರಲ್ಲಿ ಪ್ಯಾರಿಸ್ಸಿನ ದೆರೆಲ್ ಎಂಬವರು, ಬ್ಯಾಕ್ಟೀರಿಯಗಳನ್ನೇ ಹೊಕ್ಕು ಕೊಲ್ಲುವ ಸೂಕ್ಷ್ಮವಸ್ತುಗಳಿಗೆ ‘ಬ್ಯಾಕ್ಟೀರಿಯೊಫೇಜ್’ ಎಂದು ಹೆಸರಿಟ್ಟರು. ಅವು ಒಂದು ಜಾತಿಯ ವೈರಸ್ಸುಗಳು. ಹ್ಯಾಂಕಿನ್ ಕಂಡದ್ದು ಇವುಗಳ ಕೆಲಸವೇ ಇರಬೇಕೆಂದು ಅನೇಕರ ಊಹೆ.

ಆದರೆ ಇವೆಲ್ಲ ಒಂದೇ ಬಗೆಯವಲ್ಲ. ಒಂದರ ಬೀಗದಕೈ ಇನ್ನೊಂದರ ಬೀಗಕ್ಕೆ ಹತ್ತದು. ಕಾಲರಾ ರೋಗಾಣುವನ್ನು ಕೊಲ್ಲುವುದು ವಿಷಮಶೀತಜ್ವರದ ರೋಗಾಣುವನ್ನು ಮುಟ್ಟದು. ಕೆಲವಂತೂ ಕೊಲ್ಲುವುದೇ ಇಲ್ಲ. ರೋಗಾಣುವಿನೊಳಗೆ ಹೊಕ್ಕು, ತಮ್ಮ ವಂಶವಾಹಿಗಳನ್ನು ಅದರ ವಂಶವಾಹಿಗಳೊಡನೆ ಹೊಸೆದು, ಅಲ್ಲೇ ಸಂಸಾರ ಹೂಡುತ್ತವೆ. ಕಾಲರಾ ರೋಗಾಣುವಿಗೆ ಅದರ ಘೋರ ವಿಷವನ್ನು ತಂದುಕೊಟ್ಟದ್ದೂ ಇಂಥದೊಂದು ವೈರಸ್ಸೇ ಎಂದು 1996ರಲ್ಲಿ ತಿಳಿದುಬಂತು. ಹ್ಯಾಂಕಿನ್ನರ ಬರಹಕ್ಕೆ ಸರಿಯಾಗಿ ನೂರು ವರ್ಷ! ಒಂದೇ ನೀರಿನಲ್ಲಿ ಕಾಯುವವನೂ ಉಂಟು, ಕೊಲ್ಲುವವನ ಕೈಗೆ ಕತ್ತಿ ಕೊಡುವವನೂ ಉಂಟು. ಸಾಲದ್ದಕ್ಕೆ ದಡದ ಊರುಗಳ ಕೊಳಚೆಯೂ ಹೊಳೆಗೆ ಸೇರುತ್ತದೆ.

ಇದನ್ನೆಲ್ಲ ದೋಣಿಯಲ್ಲೇ, ತಿಳಿದಮಟ್ಟಿಗೆ ಹೇಳಿದೆ. ತಾಯಿಯವರು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದರು. ಆಮೇಲೆ, “ಗಂಗೆ ಕೆಟ್ಟವಳಲ್ಲ ಕಣೋ, ನಾವು ಅವಳ ಮಡಿಲಿಗೆ ಹಾಕಿದ್ದು ಕೆಟ್ಟದ್ದು” ಎಂದು, ನಾಲ್ಕು ಹನಿಗಳನ್ನು ಮಗುವಿನ ತಲೆಗೆ ಪ್ರೋಕ್ಷಿಸಿದರು.

ತಂಬಿಗೆ ಈಗ ದಿಲ್ಲಿಯ ಮನೆಯ ದೇವರ ಗೂಡಿನಲ್ಲಿದೆ. ಮಗಳಿಗೆ ಕುದಿಸಿ ಆರಿಸಿದ ನೀರನ್ನು ಲೋಟಕ್ಕೆ ಬಗ್ಗಿಸಿಕೊಡುವವರು ಅಜ್ಜಿಯೇ.